ಇಂಗ್ಲಿಷ್ ವಾಕ್ಯದಲ್ಲಿ ‘ಹೇಗೆ?’ ಎಂಬ ಪ್ರಶ್ನೆ



ವ್ಯಾಕರಣವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಬಹುಮಂದಿಗೆ ಪಾಠಶಾಲೆಯ ಬೆತ್ತದ ನೆನಪಾಗುವುದುಂಟು. ವಾಸ್ತವವಾಗಿ ನೋಡಿದರೆ, ಜನರು ನಡೆದೂ ನಡೆದೂ ಸವೆದ ಕಾಲುದಾರಿಗೆ ಪಂಡಿತರು ಇಟ್ಟ ಹೆಸರೇ ವ್ಯಾಕರಣ. ಆ ದಾರಿಯ ಒಂದು ಸಣ್ಣ ತಿರುವನ್ನು ಮಾತ್ರ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಒಂದು ಕೆಲಸ ನಡೆಯಿತೆಂದು ಯಾರಾದರೂ ಹೇಳಿದರೆ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಏಳುತ್ತವೆ: ಯಾವಾಗ ನಡೆಯಿತು? ಎಲ್ಲಿ ನಡೆಯಿತು? ಹೇಗೆ ನಡೆಯಿತು? ಇವುಗಳಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ಕೊಡತಕ್ಕ ಮಾತನ್ನು ರೀತಿವಾಚಕ ಕ್ರಿಯಾವಿಶೇಷಣವೆಂದು ಕರೆಯುತ್ತಾರೆ. ಇಂಗ್ಲಿಷ್ ವೈಯಾಕರಣರು ಇದನ್ನೇ ‘ಆ್ಯಡ್ವರ್ಬ್ ಆಫ್ ಮ್ಯಾನರ್’ ಎನ್ನುತ್ತಾರೆ. ಮೆಲ್ಲನೆ, ಚೆನ್ನಾಗಿ, ಪ್ರೀತಿಯಿಂದ, ಗಟಗಟನೆ ಎಂಬ ಮಾತುಗಳು ಈ ಜಾತಿಯವು. ಕನ್ನಡ ಬಲ್ಲವನು ಇಂಗ್ಲಿಷನ್ನು ಬರೆಯತೊಡಗಿದಾಗ ಈ ಚಿಕ್ಕ ಮಾತುಗಳು ಅವನನ್ನು ಎಲ್ಲೆಲ್ಲಿ ಎಡವಿಸುತ್ತವೆ, ಎಲ್ಲೆಲ್ಲಿ ಕೈಹಿಡಿದು ನಡೆಸುತ್ತವೆ ಎಂಬುದೇ ನನ್ನ ವಿಷಯ.

ಉದಾಹರಣೆಗಳನ್ನು ನಾನು ಲಂಡನ್ನಿನ ಬೀದಿಗಳಿಂದ ತರುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಸೀಮೆಯಿಂದಲೇ ಆಯ್ದುಕೊಳ್ಳುತ್ತೇನೆ. ಅದಕ್ಕೆ ಕಾರಣವುಂಟು. ಈ ಸೀಮೆ ಹಿಂದೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರು ಸಂಸ್ಥಾನದೊಡನೆ ಕೂಡಿತು. ೨೦೨೧ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಈಗ ಈ ಐದೂ ತಾಲ್ಲೂಕುಗಳಿವೆ. ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಉರ್ದುವನ್ನೋ ಆಡುವವರೂ ಇಲ್ಲಿ ಸಂತೆಗೆ ಬಂದರೆ ಕನ್ನಡವನ್ನೇ ಆಡುತ್ತಾರೆ. ಇಂಗ್ಲಿಷು ಇಲ್ಲಿನ ಬೀದಿಯಲ್ಲಿ ಕೇಳಿಬರುವ ಮಾತಲ್ಲ. ಪುಸ್ತಕದಲ್ಲಿ, ಅರ್ಜಿಯಲ್ಲಿ, ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿ ಕಾಣಬರುವ ಮಾತು. ಬೆಂಗಳೂರಿನ ಹುಡುಗನು ಕಿವಿಯಿಂದ ಕಲಿಯುವುದನ್ನು ಹಡಗಲಿಯ ಹುಡುಗಿ ಕಣ್ಣಿನಿಂದ ಕಲಿಯಬೇಕಾಗುತ್ತದೆ. ಕಿವಿಯ ಸಹಾಯವಿಲ್ಲದವರಿಗೆ ನಿಯಮದ ಕಾರಣ ತಿಳಿದಿರಬೇಕು. ಇಲ್ಲದಿದ್ದರೆ ಕಲಿತುದೆಲ್ಲ ಬಾಯಿಪಾಠವಾಗಿಯೇ ಉಳಿಯುತ್ತದೆ.

ಮೊದಲು ನಮ್ಮ ಮನೆಯ ಕಣಜವನ್ನೇ ನೋಡೋಣ. ಕ್ರಿಯೆಯ ರೀತಿಯನ್ನು ಹೇಳುವುದರಲ್ಲಿ ಕನ್ನಡವು ಬಡವಲ್ಲ. ಕ್ರಿಸ್ತಶಕ ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ತನ್ನ ಎಂಟು ಪ್ರಕರಣಗಳಲ್ಲಿ ಕೊನೆಯದನ್ನು ಅವ್ಯಯಗಳಿಗಾಗಿಯೇ ಮೀಸಲಿಟ್ಟನು. ಇಂದಿನ ಮಾತಿನಲ್ಲಿಯೂ ನಮಗೆ ಹಲವು ದಾರಿಗಳಿವೆ. ‘ಆಗಿ’ ಎಂಬುದನ್ನು ಸೇರಿಸಿ ನಿಧಾನವಾಗಿ, ಗಟ್ಟಿಯಾಗಿ ಎನ್ನುತ್ತೇವೆ. ‘ಇಂದ’ ಸೇರಿಸಿ ಪ್ರೀತಿಯಿಂದ, ಭಕ್ತಿಯಿಂದ ಎನ್ನುತ್ತೇವೆ. ‘ಅನೆ’ ಸೇರಿಸಿ ತಟ್ಟನೆ, ಮೆಲ್ಲನೆ ಎನ್ನುತ್ತೇವೆ. ಒಂದೇ ಮಾತನ್ನು ಎರಡು ಸಲ ಹೇಳಿ ಬೇಗಬೇಗ, ಗಡಗಡ, ಪಿಸಿಪಿಸಿ ಎನ್ನುತ್ತೇವೆ. ಒಂದು ಕ್ರಿಯೆಯಿಂದಲೇ ಇನ್ನೊಂದನ್ನು ಬಣ್ಣಿಸಿ ಕುಂಟುತ್ತ ನಡೆದನು, ಬಿಕ್ಕಿಬಿಕ್ಕಿ ಅತ್ತಳು ಎನ್ನುತ್ತೇವೆ. ಇವಲ್ಲದೆ ಊರೂರಿನ ಸೊತ್ತು ಬೇರೆಯಿದೆ. ಬಳ್ಳಾರಿಯ ಪಡುವಣ ಸೀಮೆಯ ರೈತನ ಬಾಯಲ್ಲಿ ‘ಲಗೂನ’, ‘ಜಲ್ದಿ’, ‘ಸಾವಕಾಶ’ ಎಂಬ ಮಾತುಗಳು ಆಡುತ್ತಿರುತ್ತವೆ. ಹರಪನಹಳ್ಳಿ ಸೀಮೆಯ ಚಿಗಟೇರಿಯವರಾದ ಜಾನಪದ ವಿದ್ವಾಂಸ ಮುದೇನೂರು ಸಂಗಣ್ಣನವರು ತಮ್ಮ ನೆಲದ ಮಾತುಗಳನ್ನು ‘ಚಿಗಟೇರಿ ಪದಕೋಶ’ವೆಂಬ ಹೆಸರಿನಲ್ಲಿ ಕೂಡಿಸಿಟ್ಟರು. ಇಷ್ಟು ಸಂಪತ್ತುಳ್ಳ ಮನೆಯಿಂದ ಹೊರಟ ವಿದ್ಯಾರ್ಥಿಗೆ ಇಂಗ್ಲಿಷಿನ ರೀತಿವಾಚಕಗಳು ಹೆದರಿಕೆಯನ್ನು ಹುಟ್ಟಿಸಬೇಕಾದುದೇನೂ ಇಲ್ಲ.

ಇಂಗ್ಲಿಷಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ದಾರಿ ಒಂದೇ: ಗುಣವಾಚಕದ ತುದಿಗೆ ‘ಲಿ’ ಎಂಬ ಪ್ರತ್ಯಯವನ್ನು ಹಚ್ಚುವುದು. ಸ್ಲೋ ಎಂಬುದು ಸ್ಲೋಲಿ ಆಗುತ್ತದೆ. ಬ್ರೇವ್ ಎಂಬುದು ಬ್ರೇವ್‌ಲಿ ಆಗುತ್ತದೆ. ಈ ‘ಲಿ’ ಎಲ್ಲಿಂದ ಬಂತು? ದೇಹ, ಆಕಾರ ಎಂಬ ಅರ್ಥವುಳ್ಳ ಒಂದು ಪ್ರಾಚೀನ ಶಬ್ದವೇ ಸವೆದು ಸವೆದು ‘ಲಿ’ ಆಗಿದೆ. ‘ಹಾಗೆ’ ಎಂಬರ್ಥದ ‘ಲೈಕ್’ ಎಂಬ ಮಾತು ಅದರ ಬಂಧು. ಎಂದರೆ, ಸ್ಲೋಲಿ ಎಂಬುದಕ್ಕೆ ‘ನಿಧಾನದ ಆಕಾರದಲ್ಲಿ’ ಎಂಬುದು ಮೂಲದ ಭಾವ. ನಮ್ಮ ‘ಆಗಿ’ಯೋ ‘ಆಗು’ ಎಂಬ ಧಾತುವಿನಿಂದ ಬಂದುದು. ಇಂಗ್ಲಿಷರ ಮಾತು ನಿಧಾನದ ಆಕಾರವನ್ನು ತಾಳಿತು. ನಮ್ಮ ಮಾತು ನಿಧಾನವೇ ಆಯಿತು. ಎರಡು ದೂರದೇಶದ ಭಾಷೆಗಳು ಒಂದೇ ಅಗತ್ಯಕ್ಕೆ ಹತ್ತಿರ ಹತ್ತಿರದ ಉಪಾಯಗಳನ್ನು ಕಂಡುಕೊಂಡಿವೆ.

ಆದುದರಿಂದ ‘ಆಗಿ’ ಬಂದಲ್ಲೆಲ್ಲ ‘ಲಿ’ ಹಚ್ಚಿದರೆ ಆಯಿತಲ್ಲ ಎಂದು ವಿದ್ಯಾರ್ಥಿಯು ಊಹಿಸುತ್ತಾನೆ. ಇಲ್ಲಿಯೇ ಮೊದಲ ಎಡರು. ಹಡಗಲಿಯು ಮಲ್ಲಿಗೆಗೆ ಹೆಸರಾದ ಊರು. ಹೂವಿನ ಹಡಗಲಿ ಎಂದೇ ಅದನ್ನು ಕರೆಯುವುದು ವಾಡಿಕೆ. ಅಲ್ಲಿಯ ಹುಡುಗಿಯೊಬ್ಬಳು ‘ಮಲ್ಲಿಗೆ ಚೆನ್ನಾಗಿದೆ’ ಎಂದೂ ‘ಅಕ್ಕ ಚೆನ್ನಾಗಿ ಹಾಡುತ್ತಾಳೆ’ ಎಂದೂ ಹೇಳುತ್ತಾಳೆ. ಎರಡರಲ್ಲಿಯೂ ‘ಚೆನ್ನಾಗಿ’ ಎಂಬ ಮಾತೇ ಇದೆ. ಆದರೆ ಮೊದಲನೆಯದು ಮಲ್ಲಿಗೆಯ ಗುಣವನ್ನು ಹೇಳುತ್ತದೆ. ಎರಡನೆಯದು ಹಾಡುವ ರೀತಿಯನ್ನು ಹೇಳುತ್ತದೆ. ಕನ್ನಡವು ಈ ಎರಡಕ್ಕೂ ಒಂದೇ ಉಡುಪನ್ನು ತೊಡಿಸುತ್ತದೆ. ಇಂಗ್ಲಿಷು ಬೇರೆ ಬೇರೆ ಉಡುಪನ್ನು ತೊಡಿಸುತ್ತದೆ. ಮಲ್ಲಿಗೆಯ ವಿಷಯದಲ್ಲಿ ‘ಗುಡ್’ ಎನ್ನಬೇಕು. ಹಾಡಿನ ವಿಷಯದಲ್ಲಿ ‘ವೆಲ್’ ಎನ್ನಬೇಕು. ‘ಶಿ ಸಿಂಗ್ಸ್ ಗುಡ್’ ಎಂದು ಬರೆದ ಹುಡುಗಿಯನ್ನು ದಡ್ಡಳೆಂದು ಗದರಿಸುವುದು ಅನ್ಯಾಯ. ಅವಳು ತನ್ನ ತಾಯ್ನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ‘ಇಲ್ಲಿ ಹೂವನ್ನು ಕುರಿತು ಹೇಳುತ್ತಿದ್ದೀಯಾ, ಹಾಡುವುದನ್ನು ಕುರಿತು ಹೇಳುತ್ತಿದ್ದೀಯಾ?’ ಎಂದು ಕೇಳಿದರೆ ಸಾಕು, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಾಳೆ.

ಇದೇ ಕಾರಣದಿಂದ ಇನ್ನೊಂದು ಸೂಕ್ಷ್ಮವೂ ತಿಳಿಯುತ್ತದೆ. ಮಲ್ಲಿಗೆ ಕಂಪಾಗಿದೆ ಎಂಬುದಕ್ಕೆ ಇಂಗ್ಲಿಷರು ‘ದ ಜಾಸ್ಮಿನ್ ಸ್ಮೆಲ್ಸ್ ಸ್ವೀಟ್’ ಎನ್ನುತ್ತಾರೆ, ‘ಸ್ವೀಟ್ಲಿ’ ಎನ್ನುವುದಿಲ್ಲ. ‘ಸ್ಮೆಲ್ಸ್’ ಎಂಬುದು ಕ್ರಿಯಾಪದವಲ್ಲವೆ, ಅದರ ಪಕ್ಕದಲ್ಲಿ ಕ್ರಿಯಾವಿಶೇಷಣವಲ್ಲವೆ ಬರಬೇಕಾದುದು ಎಂದು ಜಾಣ ಹುಡುಗರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಆದರೆ ಇಲ್ಲಿ ಮಲ್ಲಿಗೆಯು ಯಾವ ಕೆಲಸವನ್ನೂ ಮಾಡುತ್ತಿಲ್ಲ. ಅದು ಹೇಗಿದೆ ಎಂಬುದನ್ನಷ್ಟೇ ಮೂಗು ನಮಗೆ ತಿಳಿಸುತ್ತಿದೆ. ಸ್ಮೆಲ್, ಟೇಸ್ಟ್, ಲುಕ್, ಫೀಲ್, ಸೌಂಡ್ ಎಂಬ ಇಂದ್ರಿಯಗಳ ಕ್ರಿಯಾಪದಗಳು ಹೀಗೆ ‘ಇದೆ’ ಎಂಬ ಅರ್ಥದಲ್ಲಿ ಬಂದಾಗ ಗುಣವಾಚಕವೇ ಬರುತ್ತದೆ. ಅಡುಗೆಯವನು ಸಾರಿನ ರುಚಿ ನೋಡುವಾಗ ಅದು ಕೆಲಸವಾಯಿತು. ಆಗ ‘ಹಿ ಟೇಸ್ಟೆಡ್ ಇಟ್ ಕೇರ್‌ಫುಲಿ’ ಎಂದೇ ಹೇಳಬೇಕು. ಸಾರು ಉಪ್ಪಾಗಿದ್ದರೆ ಅದು ಸಾರಿನ ಗುಣ. ‘ಇಟ್ ಟೇಸ್ಟ್ಸ್ ಸಾಲ್ಟಿ’. ಕೆಲಸವೋ, ಗುಣವೋ? ಎಂಬ ಒಂದೇ ಪ್ರಶ್ನೆ ಎರಡನ್ನೂ ಬೇರ್ಪಡಿಸುತ್ತದೆ.

ಎರಡನೆಯ ಎಡರು ವೇಷ ಮರೆಸಿಕೊಂಡ ಮಾತುಗಳದು. ಕೆಲವು ಮಾತುಗಳಿಗೆ ‘ಲಿ’ ಬೇಕಿಲ್ಲ: ಫಾಸ್ಟ್, ಹಾರ್ಡ್, ಸ್ಟ್ರೈಟ್ ಎಂಬುವು ಹಾಗೆಯೇ ಕ್ರಿಯಾವಿಶೇಷಣಗಳಾಗಿ ನಿಲ್ಲುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಫಾಸ್ಟ್, ಹಾರ್ಡ್ ಎಂಬ ಮಾತುಗಳಿಗೆ ಕ್ರಿಯಾವಿಶೇಷಣವಾದಾಗ ತುದಿಯಲ್ಲೊಂದು ಸ್ವರ ಸೇರುತ್ತಿತ್ತು. ಶತಮಾನಗಳ ಉಚ್ಚಾರಣೆಯಲ್ಲಿ ಆ ಸ್ವರ ಕರಗಿಹೋಗಿ ಬರಿಯ ಮಾತು ಉಳಿಯಿತು. ‘ಫಾಸ್ಟ್ಲಿ’ ಎಂದು ನಮ್ಮವರು ಬರೆಯುವ ಮಾತು ಇಂದಿನ ಇಂಗ್ಲಿಷಿನಲ್ಲಿ ಇಲ್ಲ. ‘ಹಾರ್ಡ್ಲಿ’ ಎಂಬ ಮಾತು ಇದೆ. ಆದರೆ ಅದರ ಅರ್ಥವೇ ಬೇರೆ. ಹಗರಿಬೊಮ್ಮನಹಳ್ಳಿಯ ಯುವಕನೊಬ್ಬನು ಕೆಲಸಕ್ಕಾಗಿ ಅರ್ಜಿ ಬರೆಯುವಾಗ ‘ನಾನು ಕಷ್ಟಪಟ್ಟು ದುಡಿಯುತ್ತೇನೆ’ ಎಂಬುದನ್ನು ‘ಐ ವರ್ಕ್ ಹಾರ್ಡ್’ ಎಂದು ಬರೆದರೆ ಅವನ ಶ್ರಮಕ್ಕೆ ಗೌರವ ದೊರೆಯುತ್ತದೆ. ನಿಯಮವನ್ನು ಪಾಲಿಸುವ ಉತ್ಸಾಹದಲ್ಲಿ ‘ಐ ಹಾರ್ಡ್ಲಿ ವರ್ಕ್’ ಎಂದು ಬರೆದನೆನ್ನಿ. ‘ನಾನು ಕೆಲಸ ಮಾಡುವುದೇ ಅಪರೂಪ’ ಎಂದು ಅವನೇ ಸಹಿ ಹಾಕಿ ಕೊಟ್ಟಂತಾಗುತ್ತದೆ. ಲೇಟ್ ಎಂದರೆ ತಡವಾಗಿ, ಲೇಟ್ಲಿ ಎಂದರೆ ಇತ್ತೀಚೆಗೆ. ಇದೂ ಅಂಥದೇ ಜೋಡಿ.

ಇದರ ವಿರುದ್ಧ ದಿಕ್ಕಿನಲ್ಲಿ ‘ಲಿ’ ಇದ್ದೂ ಕ್ರಿಯಾವಿಶೇಷಣಗಳಾಗದ ಮಾತುಗಳಿವೆ. ಫ್ರೆಂಡ್ಲಿ, ಲೋನ್ಲಿ, ಲವ್ಲಿ ಎಂಬುವು ಗುಣವಾಚಕಗಳು. ಸ್ನೇಹದಿಂದ ಮಾತನಾಡಿದನೆಂದು ಹೇಳಬೇಕಾದರೆ ‘ಇನ್ ಎ ಫ್ರೆಂಡ್ಲಿ ವೇ’ ಎಂದು ಒಂದು ಪದಸಮುಚ್ಚಯವನ್ನೇ ಬಳಸಬೇಕು. ನಾವು ‘ಸ್ನೇಹದಿಂದ’ ಎಂದು ‘ಇಂದ’ ಹಚ್ಚುವುದನ್ನು ಇಂಗ್ಲಿಷರು ವಿತ್, ಇನ್ ಮುಂತಾದ ಮಾತುಗಳಿಂದ ಸಾಧಿಸುತ್ತಾರೆ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರಿಗೆ ಸಾವಿರಾರು ಜನ ದೂರದೂರದ ಊರುಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ‘ಕಾಲ್ನಡಿಗೆಯಲ್ಲಿ’ ಎಂಬುದಕ್ಕೆ ‘ಆನ್ ಫುಟ್’. ಇದೂ ‘ಹೇಗೆ ಬಂದರು?’ ಎಂಬ ಪ್ರಶ್ನೆಗೆ ಉತ್ತರವಾದುದರಿಂದ ರೀತಿವಾಚಕವೇ.

ತೇರಿನ ಮಾತು ಬಂದಿತಾಗಿ ಅದನ್ನೇ ಹಿಡಿದು ಮುಂದೆ ಸಾಗೋಣ. ಈ ಭಾಷಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ‘ಆ ಸಂಜೆ ಬೀದಿಯಲ್ಲಿ ತೇರು ಮೆಲ್ಲನೆ ಸರಿಯಿತು’ ಎಂದು ಕೊಟ್ಟೂರಿನ ಬಾಲಕನು ಬರೆಯುತ್ತಾನೆ. ಕಾಲ ಮೊದಲು, ಆಮೇಲೆ ಸ್ಥಳ, ಆಮೇಲೆ ರೀತಿ, ಕೊನೆಗೆ ಕ್ರಿಯೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ‘ದ ಚ್ಯಾರಿಯಟ್ ಮೂವ್ಡ್ ಸ್ಲೋಲಿ ಥ್ರೂ ದ ಸ್ಟ್ರೀಟ್ ದಟ್ ಈವ್ನಿಂಗ್’. ಕ್ರಿಯೆ ಮೊದಲು, ಆಮೇಲೆ ರೀತಿ, ಆಮೇಲೆ ಸ್ಥಳ, ಕೊನೆಗೆ ಕಾಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಇನ್ನೊಂದರ ಕನ್ನಡಿಯೊಳಗಿನ ಬಿಂಬದಂತೆ ಕಾಣುತ್ತದೆ. ದಿಕ್ಕು ಬದಲಾಯಿತು, ದೂರ ಬದಲಾಗಲಿಲ್ಲ. ಎರಡು ಭಾಷೆಗಳಲ್ಲಿಯೂ ಕ್ರಿಯೆಗೆ ಅತಿ ಸಮೀಪದ ನೆರೆಯವನು ರೀತಿ, ಅದರಾಚೆ ಸ್ಥಳ, ಎಲ್ಲಕ್ಕೂ ದೂರದವನು ಕಾಲ. ಇದು ಏಕೆ ಹೀಗೆಂಬುದನ್ನೂ ಊಹಿಸಬಹುದು. ತೇರು ಇಂದು ಎಳೆದರೂ ನಾಳೆ ಎಳೆದರೂ ಎಳೆತವು ಎಳೆತವೇ. ಮೆಲ್ಲನೆ ಸರಿಯಿತೋ ದಡದಡನೆ ಉರುಳಿತೋ ಎಂಬುದರಿಂದ ಮಾತ್ರ ಆ ಚಲನೆಯ ಸ್ವರೂಪವೇ ಬೇರೆಯಾಗುತ್ತದೆ. ಕ್ರಿಯೆಯ ಸ್ವರೂಪಕ್ಕೆ ಸೇರಿದುದು ಕ್ರಿಯೆಯ ಮಗ್ಗುಲಲ್ಲಿಯೇ ಕೂರುವುದು ಸಹಜ.

ಆದುದರಿಂದ ನಮ್ಮ ಮಕ್ಕಳಿಗೆ ಇಂಗ್ಲಿಷಿನ ಪದಕ್ರಮವನ್ನು ಹೊಸದೊಂದು ಕಟ್ಟಳೆಯೆಂದು ಕಲಿಸಬೇಕಾಗಿಲ್ಲ. ಅವರಿಗೆ ಅದು ಆಗಲೇ ಬರುತ್ತದೆ. ಕನ್ನಡದ ಕ್ರಮವನ್ನು ಕ್ರಿಯಾಪದದಿಂದ ಹಿಂದುಹಿಂದಕ್ಕೆ ಓದಿದರೆ ಇಂಗ್ಲಿಷಿನ ಕ್ರಮ ಸಿಕ್ಕುತ್ತದೆ. ಇದಕ್ಕೆ ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಬೇಕು. ಒಂದು, ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ರೀತಿವಾಚಕವು ಸಾಮಾನ್ಯವಾಗಿ ನುಸುಳಬಾರದು. ನಾವು ‘ಪತ್ರವನ್ನು ಎಚ್ಚರಿಕೆಯಿಂದ ಓದಿದನು’ ಎನ್ನುತ್ತೇವೆ. ಅವರು ‘ಹಿ ರೆಡ್ ದ ಲೆಟರ್ ಕೇರ್‌ಫುಲಿ’ ಎನ್ನುತ್ತಾರೆ. ‘ಹಿ ರೆಡ್ ಕೇರ್‌ಫುಲಿ ದ ಲೆಟರ್’ ಎನ್ನುವುದಿಲ್ಲ. ಇನ್ನೊಂದು, ಹೋಗು ಬಾ ಎಂಬ ಚಲನೆಯ ಕ್ರಿಯೆಗಳಲ್ಲಿ ಸೇರುವ ಸ್ಥಳವೇ ಕ್ರಿಯೆಯ ಅಂಗವಾಗಿಬಿಡುವುದರಿಂದ ಅದು ರೀತಿಗಿಂತ ಮುಂದೆ ಬರುವುದುಂಟು: ‘ಶಿ ವೆಂಟ್ ಹೋಮ್ ಕ್ವಾಯೆಟ್ಲಿ’, ಅವಳು ಸದ್ದಿಲ್ಲದೆ ಮನೆಗೆ ಹೋದಳು.

ರೀತಿವಾಚಕವು ವಾಕ್ಯದಲ್ಲಿ ಸ್ಥಾನವನ್ನು ಬದಲಿಸಿದರೆ ಏನಾಗುತ್ತದೆ? ಕೆಲವೊಮ್ಮೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಅರ್ಥವೇ ತಿರುಗುತ್ತದೆ. ಒಬ್ಬ ಸಾಕ್ಷಿಯು ನ್ಯಾಯಾಲಯದಲ್ಲಿ ನಿಂತು ‘ನನಗೆ ಸ್ಪಷ್ಟವಾಗಿ ಕಾಣಲಿಲ್ಲ’ ಎಂದು ಹೇಳಿದನೆಂದು ಭಾವಿಸೋಣ. ಇಂಗ್ಲಿಷಿನಲ್ಲಿ ‘ಹಿ ಡಿಡ್ ನಾಟ್ ಸೀ ಕ್ಲಿಯರ್ಲಿ’ ಎಂದು ಬರೆದರೆ ಅವನು ಕಂಡದ್ದು ನಿಜ, ಕಂಡದ್ದು ಮಸುಕು ಎಂದಾಯಿತು. ‘ಕ್ಲಿಯರ್ಲಿ, ಹಿ ಡಿಡ್ ನಾಟ್ ಸೀ’ ಎಂದು ಅದೇ ಮಾತನ್ನು ತಲೆಗೆ ತಂದರೆ ಅವನು ಕಾಣಲೇ ಇಲ್ಲ, ಅದು ನಿಸ್ಸಂದೇಹ ಎಂದಾಗುತ್ತದೆ. ಮೊದಲನೆಯದು ನೋಟದ ರೀತಿ. ಎರಡನೆಯದು ಬರೆಯುವವನ ತೀರ್ಮಾನ. ಒಂದು ಪದವು ಬಲಗಡೆಯಿಂದ ಎಡಗಡೆಗೆ ಸರಿದ ಮಾತ್ರಕ್ಕೆ ಸಾಕ್ಷಿಯೇ ಇಲ್ಲದಂತಾಯಿತು.

ನಮ್ಮ ಕನ್ನಡದಲ್ಲಿಯೂ ಇಂಥ ತೊಡಕುಂಟು. ‘ಅವನು ಬೇಕೆಂದು ಬಾಗಿಲು ಹಾಕಲಿಲ್ಲ’ ಎಂಬ ವಾಕ್ಯವನ್ನು ಎರಡು ಬಗೆಯಾಗಿ ಹೇಳಿ ನೋಡಿ. ‘ಬೇಕೆಂದು’ ಎಂಬಲ್ಲಿ ಕ್ಷಣ ನಿಂತು, ‘ಬಾಗಿಲು ಹಾಕಲಿಲ್ಲ’ ಎಂದು ಮುಂದುವರಿದರೆ ಬಾಗಿಲನ್ನು ತೆರೆದಿಟ್ಟದ್ದೇ ಉದ್ದೇಶಪೂರ್ವಕವೆಂದಾಗುತ್ತದೆ. ‘ಬೇಕೆಂದು’ ಎಂಬುದನ್ನೇ ಒತ್ತಿ ಹೇಳಿದರೆ ಬಾಗಿಲನ್ನು ಹಾಕಿದ್ದು ನಿಜ, ಉದ್ದೇಶವಿರಲಿಲ್ಲ ಎಂದಾಗುತ್ತದೆ. ನಾವು ಧ್ವನಿಯಿಂದ ಮಾಡುವ ಈ ಕೆಲಸವನ್ನು ಇಂಗ್ಲಿಷರು ಸ್ಥಾನದಿಂದ ಮಾಡುತ್ತಾರೆ: ‘ಹಿ ಡೆಲಿಬರೇಟ್ಲಿ ಡಿಡ್ ನಾಟ್ ಷಟ್ ದ ಡೋರ್’ ಎಂಬುದು ಮೊದಲನೆಯದು, ‘ಹಿ ಡಿಡ್ ನಾಟ್ ಷಟ್ ದ ಡೋರ್ ಡೆಲಿಬರೇಟ್ಲಿ’ ಎಂಬುದು ಎರಡನೆಯದು. ಕಾಗದದ ಮೇಲೆ ಧ್ವನಿ ನಿಲ್ಲುವುದಿಲ್ಲ, ಸ್ಥಾನ ನಿಲ್ಲುತ್ತದೆ. ಕನ್ನಡದಲ್ಲಿ ನುಡಿದುದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವವನು ಕಿವಿಗೊಟ್ಟು ಕೇಳಬೇಕಾದುದು ಇದಕ್ಕಾಗಿಯೇ.

ಇದು ಬರಿಯ ಪಾಠಶಾಲೆಯ ಚಮತ್ಕಾರವೆಂದು ಯಾರೂ ತಿಳಿಯಬಾರದು. ೧೮೬೦ರ ಭಾರತೀಯ ದಂಡಸಂಹಿತೆಯನ್ನು ರಚಿಸಿದವರು ಮೂರು ಕ್ರಿಯಾವಿಶೇಷಣಗಳಿಗೆ ಪ್ರತ್ಯೇಕವಾಗಿ ಒಂದೊಂದು ಸೆಕ್ಷನ್ನನ್ನೇ ಕೊಟ್ಟು ಅರ್ಥ ಬರೆದರು. ೨೪ನೆಯದು ‘ಡಿಸಾನೆಸ್ಟ್ಲಿ’, ೨೫ನೆಯದು ‘ಫ್ರಾಡ್ಯುಲೆಂಟ್ಲಿ’, ೩೯ನೆಯದು ‘ವಾಲಂಟರಿಲಿ’. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಈ ಮೂರನ್ನು ಕೈಬಿಟ್ಟಿಲ್ಲ. ತನ್ನ ಎರಡನೆಯ ಸೆಕ್ಷನ್ನಿನ ಪರಿಭಾಷೆಗಳಲ್ಲಿ ಅವನ್ನು ಸೇರಿಸಿಕೊಂಡಿದೆ. ಕಾರಣ ಸ್ಪಷ್ಟ. ಕೂಡ್ಲಿಗಿಯ ರೈತನೊಬ್ಬನು ಸಂತೆಯಿಂದ ಮರಳುವಾಗ ಕತ್ತಲಲ್ಲಿ ತನ್ನದೆಂದು ತಿಳಿದು ನೆರೆಯವನ ಎತ್ತನ್ನು ಹೊಡೆದುಕೊಂಡು ಹೋದನೆನ್ನಿ. ಎತ್ತು ಹೋದದ್ದು ನಿಜ. ಒಯ್ದವನು ಅವನೇ ಎಂಬುದೂ ನಿಜ. ಆದರೆ ಹೇಗೆ ಒಯ್ದನು? ಒಬ್ಬರಿಗೆ ಅನ್ಯಾಯದ ಲಾಭವನ್ನೋ ಇನ್ನೊಬ್ಬರಿಗೆ ಅನ್ಯಾಯದ ನಷ್ಟವನ್ನೋ ಉಂಟುಮಾಡುವ ಉದ್ದೇಶವಿದ್ದರೆ ಮಾತ್ರ ‘ಡಿಸಾನೆಸ್ಟ್ಲಿ’ ಎಂಬ ಮಾತು ಅವನಿಗೆ ಅಂಟುತ್ತದೆ. ಆ ಮಾತು ಅಂಟಿದರೆ ಮಾತ್ರ ಅದು ಕಳವು. ಕ್ರಿಯಾಪದವು ಏನು ನಡೆಯಿತೆಂಬುದನ್ನು ಹೇಳಿತು; ಮನುಷ್ಯನು ಕಳ್ಳನೋ ಅಲ್ಲವೋ ಎಂಬುದನ್ನು ಕ್ರಿಯಾವಿಶೇಷಣವು ಹೇಳಿತು. ನಮ್ಮ ಉಚ್ಚ ನ್ಯಾಯಾಲಯದ ಭಾಷೆ ಇಂದಿಗೂ ಮುಖ್ಯವಾಗಿ ಇಂಗ್ಲಿಷೇ ಆಗಿರುವಾಗ ಈ ಮಾತುಗಳ ತಿಳಿವಳಿಕೆ ಹಳ್ಳಿಯ ವಿದ್ಯಾವಂತನಿಗೆ ಅಲಂಕಾರವಲ್ಲ, ರಕ್ಷಣೆ.

ಇನ್ನು ಮೂರನೆಯ ಎಡರು, ಭಾಷಾಂತರದ್ದು. ಕನ್ನಡ ಮತ್ತು ಇಂಗ್ಲಿಷ್ ಮಾತುಗಳನ್ನು ಜೊತೆಗೂಡಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಅಲ್ಲಿಯೇ ನೆಲಸಿ ಕನ್ನಡವನ್ನು ಕಲಿತು ಬೈಬಲ್ಲನ್ನು ಭಾಷಾಂತರಿಸಿದರು. ಅವರ ಸಹೋದ್ಯೋಗಿಯಾಗಿದ್ದ ವಿಲಿಯಂ ರೀವ್ ಎಂಬವರ ಇಂಗ್ಲಿಷ್-ಕನ್ನಡ ನಿಘಂಟು ೧೮೨೪ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರಲ್ಲಿಯೂ ಮದರಾಸಿನಲ್ಲಿ ಅಚ್ಚಾದುವು. ಆಮೇಲೆ ೧೮೯೪ರಲ್ಲಿ ಕಿಟ್ಟೆಲರ ನಿಘಂಟು, ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂದುವು. ಇವೆಲ್ಲ ಮಹೋಪಕಾರದ ಗ್ರಂಥಗಳು. ಆದರೆ ನಿಘಂಟು ಒಂದು ಮಾತಿಗೆ ಇನ್ನೊಂದು ಮಾತನ್ನು ಕೊಡಬಲ್ಲುದೇ ಹೊರತು ಅದನ್ನು ವಾಕ್ಯದಲ್ಲಿ ಎಲ್ಲಿ ಕೂರಿಸಬೇಕು, ಕೂರಿಸಲೇಬೇಕೆ ಎಂಬುದನ್ನು ಹೇಳಲಾರದು.

ಕೂರಿಸಲೇಬೇಕೆ ಎಂದೆ. ಏಕೆಂದರೆ ನಾವು ಎರಡು ಮಾತುಗಳಲ್ಲಿ ಹೇಳುವ ಎಷ್ಟೋ ಭಾವಗಳನ್ನು ಇಂಗ್ಲಿಷು ಕ್ರಿಯಾಪದದ ಹೊಟ್ಟೆಯಲ್ಲಿಯೇ ಅಡಗಿಸಿಡುತ್ತದೆ. ಗಟಗಟನೆ ಕುಡಿದನು ಎಂಬುದಕ್ಕೆ ‘ಗಲ್ಪ್ಡ್’. ಪಿಸಿಪಿಸಿ ಮಾತನಾಡಿದಳು ಎಂಬುದಕ್ಕೆ ‘ವಿಸ್ಪರ್ಡ್’. ಬಿಕ್ಕಿಬಿಕ್ಕಿ ಅತ್ತಳು ಎಂಬುದಕ್ಕೆ ‘ಸಾಬ್ಡ್’. ಕುಂಟುತ್ತ ನಡೆದನು ಎಂಬುದಕ್ಕೆ ‘ಲಿಂಪ್ಡ್’. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಗಳ ರಕ್ಷಿತಾರಣ್ಯವಿದೆ. ಅಲ್ಲಿಯ ಕರಡಿ ಕಾಲೆಳೆಯುತ್ತ ಓಲಾಡುತ್ತ ನಡೆಯುವುದನ್ನು ಕಂಡವನು ಇಂಗ್ಲಿಷಿನಲ್ಲಿ ನಾಲ್ಕು ‘ಲಿ’ಗಳನ್ನು ಹುಡುಕಬೇಕಾಗಿಲ್ಲ, ‘ಷ್ಯಾಂಬಲ್ಡ್’ ಎಂಬ ಒಂದೇ ಕ್ರಿಯಾಪದ ಸಾಕು. ನಾವು ರೀತಿಯನ್ನು ಕ್ರಿಯೆಯ ಹೊರಗೆ ತೋರಣವಾಗಿ ಕಟ್ಟುತ್ತೇವೆ. ಅವರು ಅನೇಕ ವೇಳೆ ಕ್ರಿಯೆಯೊಳಗೆ ನೆಯ್ದುಬಿಡುತ್ತಾರೆ. ಇದನ್ನರಿಯದೆ ಪ್ರತಿಯೊಂದು ಕನ್ನಡ ಮಾತಿಗೂ ಒಂದೊಂದು ಇಂಗ್ಲಿಷ್ ಮಾತನ್ನು ಇಟ್ಟರೆ ವಾಕ್ಯವು ಭಾರದ ಗಾಡಿಯಾಗುತ್ತದೆ.

ಇದಕ್ಕೆ ವಿರುದ್ಧವಾಗಿ ನಮ್ಮ ಒಂದೇ ಮಾತು ಇಂಗ್ಲಿಷಿನಲ್ಲಿ ಹತ್ತು ಕವಲಾಗುವುದೂ ಉಂಟು. ‘ಸುಮ್ಮನೆ’ ಎಂಬ ಮಾತನ್ನು ತೆಗೆದುಕೊಳ್ಳಿ. ‘ಮಗು ಸುಮ್ಮನೆ ಕುಳಿತಿತು’ ಎಂದರೆ ಸದ್ದಿಲ್ಲದೆ, ಅದು ‘ಕ್ವಾಯೆಟ್ಲಿ’. ‘ಸುಮ್ಮನೆ ಬಂದೆ’ ಎಂದರೆ ಕಾರಣವಿಲ್ಲದೆ. ಅದು ‘ಫಾರ್ ನೋ ರೀಸನ್’. ‘ಸುಮ್ಮನೆ ಹೇಳಿದೆ’ ಎಂದರೆ ತಮಾಷೆಗೆ; ಅದು ‘ಇನ್ ಜೆಸ್ಟ್’. ‘ಸುಮ್ಮನೆ ಬೈದರು’ ಎಂದರೆ ತಪ್ಪಿಲ್ಲದೆ, ಅದು ‘ಅನ್‌ಜಸ್ಟ್ಲಿ’. ನಾಲ್ಕನ್ನೂ ಮನೆಯಲ್ಲಿ ಐದು ವರ್ಷದ ಮಗು ತಪ್ಪಿಲ್ಲದೆ ಬಳಸುತ್ತದೆ. ಅಂಥ ಮಗುವಿಗೆ ಹತ್ತು ವರ್ಷಗಳ ಮೇಲೆ ರೀತಿವಾಚಕವೆಂದರೇನೆಂದು ಗೊತ್ತಿಲ್ಲವೆಂದು ಹೇಳುವುದು ನ್ಯಾಯವೆ? ಮಗುವಿಗೆ ಗೊತ್ತಿದೆ, ಗೊತ್ತಿರುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಗೊತ್ತುಮಾಡಿಕೊಡುವುದೇ ಉಪಾಧ್ಯಾಯರ ಕೆಲಸ.

ಈ ಎರಡು ಭಾಷೆಗಳ ನಡುವೆ ಸರಾಗವಾಗಿ ಓಡಾಡಿದವರು ಇದೇ ನೆಲದಲ್ಲಿ ಹುಟ್ಟಿದ್ದಾರೆ. 'ಬೀchi' ಎಂದು ತಮ್ಮ ಕಾವ್ಯನಾಮದಲ್ಲಿಯೇ ಎರಡು ಲಿಪಿಗಳನ್ನು ಬೆರೆಸುತ್ತಿದ್ದ ಬೀಚಿಯವರು, ಎಂದರೆ ರಾಯಸಂ ಭೀಮಸೇನರಾಯರು, ೧೯೧೩ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದರು. ಒಂದು ಮಾತನ್ನು ಸ್ವಲ್ಪ ಅತ್ತಿತ್ತ ಜರುಗಿಸಿದರೆ ಅರ್ಥವು ಹೇಗೆ ಪಲ್ಟಿ ಹೊಡೆಯುತ್ತದೆಂಬುದನ್ನು ಅವರಷ್ಟು ಬಲ್ಲವರು ವಿರಳ. ಅವರ ಹಾಸ್ಯದ ಬಹುಭಾಗ ನಿಂತಿರುವುದೇ ಆ ತಿಳಿವಳಿಕೆಯ ಮೇಲೆ.

ಇಲ್ಲಿಯವರೆಗೆ ಹೇಳಿದುದನ್ನು ಕಲಿಸುವವರ ಉಪಯೋಗಕ್ಕಾಗಿ ಮೂರು ಮಾತುಗಳಲ್ಲಿ ಕೂಡಿಸುತ್ತೇನೆ. ಮೊದಲನೆಯದಾಗಿ, ಪಟ್ಟಿಯಿಂದ ಆರಂಭಿಸದೆ ‘ಹೇಗೆ?’ ಎಂಬ ಪ್ರಶ್ನೆಯಿಂದ ಆರಂಭಿಸಬೇಕು. ಅದನ್ನೂ ಕನ್ನಡದಲ್ಲಿಯೇ ಕೇಳಬೇಕು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯನ್ನು ಕಂಡ ಮಕ್ಕಳಿದ್ದರೆ ಆ ದೃಶ್ಯವನ್ನೇ ಕೇಳಲಿ: ಗೊರವಯ್ಯನು ಬಿಲ್ಲನ್ನು ಹೇಗೆ ಏರಿದನು? ‘ಸದ್ದಲೇ’ ಎಂದು ಕೂಗಿದಾಗ ಜನಸಾಗರವು ಹೇಗೆ ನಿಂತಿತು? ಕಾರ್ಣಿಕವನ್ನು ಹೇಗೆ ನುಡಿದನು? ಸರಸರನೆ, ಉಸಿರು ಬಿಗಿಹಿಡಿದು, ಗಟ್ಟಿಯಾಗಿ ಎಂದು ಉತ್ತರಗಳು ತಾವಾಗಿ ಬರುತ್ತವೆ. ಆಮೇಲೆ ಅವಕ್ಕೆ ಇಂಗ್ಲಿಷ್ ಮಾತುಗಳನ್ನು ಹುಡುಕಿದರೆ ಸ್ವಿಫ್ಟ್ಲಿ, ಬ್ರೆತ್‌ಲೆಸ್ಲಿ, ಲೌಡ್ಲಿ ಎಂಬುವು ಕಂಡ ನೋಟದೊಡನೆ ಬೆಸೆದುಕೊಳ್ಳುತ್ತವೆ. ಎರಡನೆಯದಾಗಿ, ಕನ್ನಡ ವಾಕ್ಯವನ್ನೂ ಇಂಗ್ಲಿಷ್ ವಾಕ್ಯವನ್ನೂ ಹಲಗೆಯ ಮೇಲೆ ಎದುರುಬದುರಾಗಿ ಬರೆದು ಕನ್ನಡಿಯ ಕ್ರಮವನ್ನು ತೋರಿಸಬೇಕು. ಮೂರನೆಯದಾಗಿ, ತಪ್ಪು ಕಂಡಾಗ ಕೆಂಪು ಗೆರೆ ಎಳೆಯುವ ಮೊದಲು ಆ ತಪ್ಪು ಕನ್ನಡದ ಯಾವ ಸರಿಯಿಂದ ಹುಟ್ಟಿತೆಂಬುದನ್ನು ವಿಚಾರಿಸಬೇಕು. ‘ಶಿ ಸಿಂಗ್ಸ್ ಗುಡ್’ ಎಂಬುದರ ಹಿಂದೆ ‘ಚೆನ್ನಾಗಿ’ ಇದೆ. ‘ಫಾಸ್ಟ್ಲಿ’ ಎಂಬುದರ ಹಿಂದೆ ‘ವೇಗವಾಗಿ’ ಇದೆ.

ಕೊನೆಗೆ ನಗರವಾಸಿಗಳಾದ ತಮ್ಮಲ್ಲಿ ಒಂದು ವಿಜ್ಞಾಪನೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ನಾವು ಕನ್ನಡ ಬರೆಯುವಾಗ ಅದರ ‘ಲಿ’ಯನ್ನು ಹೊತ್ತು ತಂದು ಎಲ್ಲ ಕಡೆಯಲ್ಲಿಯೂ ‘ಪೂರ್ವಕವಾಗಿ’, ‘ಭರಿತವಾಗಿ’ ಎಂದು ಅಂಟಿಸುತ್ತಿದ್ದೇವೆ. ಬಿಕ್ಕಿಬಿಕ್ಕಿ ಅತ್ತವಳು ನಮ್ಮ ಬರಹದಲ್ಲಿ ‘ದುಃಖಭರಿತವಾಗಿ ರೋದಿಸಿದಳು’ ಎಂದಾಗುತ್ತಾಳೆ. ಅವಳ ಅಳು ನಮಗೆ ಕೇಳಿಸುವುದು ನಿಂತುಹೋಗುತ್ತದೆ. ಕೂಡ್ಲಿಗಿಯ ಹುಡುಗನು ಇಂಗ್ಲಿಷಿನ ‘ಸ್ಲೋಲಿ’ಯನ್ನು ಕಲಿಯುವ ಹೊತ್ತಿನಲ್ಲಿ ನಾವು ಅವನಿಂದ ‘ಸಾವಕಾಶ’ವನ್ನೂ ‘ಮೆಲ್ಲಕೆ’ಯನ್ನೂ ಕಲಿತರೆ ಕೊಡುಕೊಳ್ಳುವಿಕೆ ಸಮವಾಗುತ್ತದೆ. ಪರಭಾಷೆಯನ್ನು ಕಲಿಯುವುದೆಂದರೆ ನಮ್ಮ ಭಾಷೆಯನ್ನು ಇನ್ನೊಂದು ದಿಕ್ಕಿನಿಂದ ನೋಡುವುದು. ಹಾಗೆ ನೋಡಿದವನಿಗೆ ಎರಡೂ ಹೆಚ್ಚು ಚೆಲುವಾಗಿ ಕಾಣುತ್ತವೆ.